ಮೇಲೆ ಈಜುತ್ತಿರುವವರು, ಕೆಳಗೆ ಸಬ್‌ಮರೀನ್: ಡಿಸ್ಟ್ರಾಯರ್ ಪೆಟಾರ್ಡ್, 12 ಫೆಬ್ರವರಿ 1944

ಎರಡನೇ ಮಹಾಯುದ್ಧದಲ್ಲಿ ಮಾಲ್ಡೀವ್ಸ್ ಹತ್ತಿರ ಜಪಾನಿನ ಸಬ್‌ಮರೀನೊಂದು ಸೈನಿಕರ ಹಡಗನ್ನು ಮುಳುಗಿಸಿ, ನೀರಿನಲ್ಲಿ ಈಜುತ್ತಿದ್ದವರ ಅಡಿಯಲ್ಲೇ ನಿಂತಿತು. ಅದನ್ನು ಬೇಟೆಯಾಡಿದ ಬ್ರಿಟಿಷ್ ಹಡಗು ಪೆಟಾರ್ಡ್‌ನ ಪ್ರಕರಣ ಇದು. ಇದರಲ್ಲಿ ಹಡಗುಗಳ ಹೆಸರುಗಳನ್ನು ಹಾಗೇ ಇಟ್ಟಿದ್ದೇನೆ. ಮನುಷ್ಯರ ಹೆಸರುಗಳನ್ನು ಬಿಟ್ಟಿದ್ದೇನೆ. ಕಮಾಂಡರ್, ನಾವಿಕ, ಕ್ಯಾಂಟೀನ್ ಹುಡುಗ ಅಂತ ಹುದ್ದೆಯಿಂದಷ್ಟೇ ಕರೆದಿದ್ದೇನೆ. ಹುಡುಕಿದರೆ ಹೆಸರುಗಳು ಸಿಗುತ್ತವೆ, ಅದು ಕಷ್ಟದ ಕೆಲಸವಲ್ಲ. ಆದರೆ ಹೆಸರು ಬಂದ ಕೂಡಲೇ ಚರ್ಚೆ ಬೇರೆ ದಾರಿ ಹಿಡಿಯುತ್ತದೆ. ಈತ ವೀರನೋ ಕಟುಕನೋ ಅಂತ ಜಗಳ ಶುರುವಾಗುತ್ತದೆ. ನನಗೆ ಬೇಕಿರುವುದು ಅದಲ್ಲ. ಆ ಮಧ್ಯಾಹ್ನ ಪೆಟಾರ್ಡ್‌ನ ಬ್ರಿಜ್ ಮೇಲೆ (ಹಡಗನ್ನು ನಡೆಸುವ ಎತ್ತರದ ಜಾಗ) ಯಾರೇ ನಿಂತಿದ್ದರೂ ಅವರ ಕೈಯಲ್ಲಿ ಯಾವ ಆಯ್ಕೆಗಳು ಉಳಿದಿರುತ್ತಿದ್ದವು, ಮತ್ತು ಯಾಕೆ ಅಷ್ಟೇ ಉಳಿದಿದ್ದವು ಅನ್ನುವುದನ್ನು ನೋಡಬೇಕು.

ಹಿನ್ನೆಲೆ

ಪೆಟಾರ್ಡ್ ಬ್ರಿಟನ್ನಿನ 'ಪಿ' ದರ್ಜೆಯ ಡಿಸ್ಟ್ರಾಯರ್, ಅಂದರೆ ಬೇರೆ ಹಡಗುಗಳಿಗೆ ಕಾವಲಾಗಿ ಹೋಗುವ ವೇಗದ ಯುದ್ಧನೌಕೆ. ಟೈನ್ ನದಿಯ ದಡದ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಯಾರ್ಡಿನಲ್ಲಿ ಕಟ್ಟಿದ್ದು. 1941ರ ಮಾರ್ಚ್‌ನಲ್ಲಿ ನೀರಿಗಿಳಿಯಿತು, 1942ರ ಜೂನ್‌ನಲ್ಲಿ ಸೇವೆಗೆ ಸೇರಿತು. ಯುದ್ಧ ಶುರುವಾದ ಮೇಲೆ ಬ್ರಿಟನ್ ಇಂಥ ಡಿಸ್ಟ್ರಾಯರುಗಳನ್ನು ತಂಡ ತಂಡವಾಗಿ ಅವಸರದಲ್ಲಿ ಕಟ್ಟಿಸಿತು. ಇದೇ ವಂಶದ, ಸ್ವಲ್ಪ ಆಮೇಲಿನ 'ಆರ್' ದರ್ಜೆಯ ಮೂರು ಹಡಗುಗಳು 1949ರಲ್ಲಿ ನಮ್ಮ ನೌಕಾಪಡೆಗೂ ಬಂದವು. ರಜಪೂತ್, ರಣಜಿತ್, ರಾಣಾ ಅಂತ ಹೆಸರು ಪಡೆದವು. ಹಾಗಾಗಿ ಪೆಟಾರ್ಡ್ ಎಂಥ ಹಡಗು ಅಂತ ನಮ್ಮ ಹಳೆಯ ನಾವಿಕರಿಗೆ ಜಾಸ್ತಿ ವಿವರಿಸಬೇಕಿರಲಿಲ್ಲ. ಉದ್ದ ಸುಮಾರು 105 ಮೀಟರ್. ತೆಳು ತಗಡಿನ ಮೈ, ಒಳ್ಳೆಯ ವೇಗ, ಒಳಗೆ ಇಕ್ಕಟ್ಟು.

ಪಿ ದರ್ಜೆಯ ಒಂದು ವಿವರವನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಈ ಹಡಗುಗಳಿಗೆ ಮೊದಲು 4.7 ಇಂಚಿನ ತೋಪುಗಳನ್ನು ಹಾಕುವ ಯೋಚನೆ ಇತ್ತು. ಆದರೆ ಯುದ್ಧದ ಮೊದಲ ಎರಡು ವರ್ಷಗಳಲ್ಲಿ ವಿಮಾನ ದಾಳಿಗೆ ಡಿಸ್ಟ್ರಾಯರುಗಳು ಒಂದಾದ ಮೇಲೊಂದು ಮುಳುಗಿದವು. ಆದ್ದರಿಂದ ಆಕಾಶಕ್ಕೆ ಎತ್ತಿ ಹೊಡೆಯಬಲ್ಲ 4 ಇಂಚಿನ ತೋಪುಗಳನ್ನು ಕೂರಿಸಿದರು. ವಿಮಾನದ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆದರೆ ಗುಂಡು ಹಗುರವಾಯಿತು.

ಮೆಡಿಟರೇನಿಯನ್‌ನಲ್ಲಿ ಈ ಹಡಗಿಗೆ ಒಂದು ಹೆಸರು ಬಂತು, ಆದರೆ ಆಗ ಅದು ಹೊರಗೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. 1942ರ ಅಕ್ಟೋಬರ್ 30ರಂದು ನೈಲ್ ಮುಖಜ ಭೂಮಿಯ ಉತ್ತರಕ್ಕೆ ಜರ್ಮನಿಯ ಸಬ್‌ಮರೀನ್ ಯು-559 ಸಿಕ್ಕಿಬಿತ್ತು. ಪೆಟಾರ್ಡ್ ಮತ್ತು ಜೊತೆಯ ಡಿಸ್ಟ್ರಾಯರುಗಳು ಗಂಟೆಗಟ್ಟಲೆ ಬೆನ್ನಟ್ಟಿ ರಾತ್ರಿ ಅದನ್ನು ಮೇಲಕ್ಕೆಬ್ಬಿಸಿದವು. ಜರ್ಮನರು ಅದನ್ನು ಮುಳುಗಲು ಬಿಟ್ಟು ನೀರಿಗೆ ಹಾರಿದರು. ಪೆಟಾರ್ಡ್‌ನ ಫಸ್ಟ್ ಲೆಫ್ಟಿನೆಂಟ್, ಒಬ್ಬ ನಾವಿಕ, ಮತ್ತು ವಯಸ್ಸು ಸುಳ್ಳು ಹೇಳಿ ಸೇರಿಕೊಂಡಿದ್ದ 16ರ ಕ್ಯಾಂಟೀನ್ ಹುಡುಗ ಅದರ ಹತ್ತಿರ ಹೋದರು. ಒಳಗಿಂದ ಸಂಕೇತ ಪುಸ್ತಕಗಳನ್ನು ಹೊರಗೆ ತಂದರು. ಸಬ್‌ಮರೀನ್ ಥಟ್ಟನೆ ಮುಳುಗಿದಾಗ ಲೆಫ್ಟಿನೆಂಟ್ ಮತ್ತು ನಾವಿಕ ಅದರೊಳಗೇ ಇದ್ದರು. ಇಬ್ಬರಿಗೂ ಮರಣೋತ್ತರ ಜಾರ್ಜ್ ಕ್ರಾಸ್, ಹುಡುಗನಿಗೆ ಜಾರ್ಜ್ ಮೆಡಲ್ ಸಿಕ್ಕಿತು, ಎರಡೂ ಬ್ರಿಟನ್ನಿನ ಶೌರ್ಯ ಪದಕಗಳು.

ಆ ಪುಸ್ತಕಗಳು ನವೆಂಬರ್ 24ಕ್ಕೆ ಬ್ರಿಟನ್ನಿನ ಸಂಕೇತ ಭೇದಿಸುವ ಕೇಂದ್ರ ಬ್ಲೆಚ್ಲಿ ಪಾರ್ಕ್ ತಲುಪಿದವು. ಅಟ್ಲಾಂಟಿಕ್‌ನ ಯು-ಬೋಟುಗಳು, ಅಂದರೆ ಜರ್ಮನಿಯ ಸಬ್‌ಮರೀನ್‌ಗಳು, ಸಂದೇಶಗಳನ್ನು ಗುಪ್ತ ಸಂಕೇತಕ್ಕೆ ಬದಲಿಸಲು ಆ ವರ್ಷದ ಫೆಬ್ರವರಿಯಿಂದ ನಾಲ್ಕು ಚಕ್ರದ ಎನಿಗ್ಮಾ ಯಂತ್ರ ಬಳಸುತ್ತಿದ್ದವು, ಅದನ್ನು ಓದಲು ಬ್ರಿಟನ್ನಿಗೆ ಆಗುತ್ತಿರಲಿಲ್ಲ. ಹವಾಮಾನ ವರದಿ ಕಳಿಸುವಾಗ ಮಾತ್ರ ನಾಲ್ಕನೇ ಚಕ್ರವನ್ನು ತಟಸ್ಥವಾಗಿಟ್ಟು, ಯಂತ್ರವನ್ನು ಮೂರು ಚಕ್ರದ್ದರ ಹಾಗೆ ನಡೆಸುತ್ತಿದ್ದರು. ಹವಾಮಾನದ ಸಂಕೇತ ಪುಸ್ತಕ ಕೈಗೆ ಬಂದ ಮೇಲೆ ಆ ಸಂದು ತೆರೆಯಿತು. ಡಿಸೆಂಬರ್ 13ಕ್ಕೆ ಬೀಗ ಮುರಿಯಿತು.

ಅದೇ ಡಿಸೆಂಬರ್‌ನಲ್ಲಿ ಮಾಲ್ಟಾದ ದಕ್ಷಿಣಕ್ಕೆ, ಗ್ರೀಕ್ ಡಿಸ್ಟ್ರಾಯರ್ ವಸಿಲಿಸ್ಸಾ ಓಲ್ಗಾ ಜೊತೆ ಸೇರಿ ಪೆಟಾರ್ಡ್ ಇಟಲಿಯ ಊಆರ್‌ಶ್ಯೆಕ್ ಸಬ್‌ಮರೀನನ್ನು ಹಿಡಿಯಿತು. ಅಲ್ಲೂ ನಾವಿಕರನ್ನು ಹತ್ತಿಸಿದರು, ಹಗ್ಗ ಕಟ್ಟಿ ಎಳೆದರು. ದಾರಿಯಲ್ಲಿ ಅದು ಮುಳುಗಿತು. ಆಮೇಲೆ ಸಿಸಿಲಿ, ಈಜಿಯನ್ ದ್ವೀಪಗಳು, ಹೊಸ ಕಮಾಂಡರ್. ಅದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ನೆನಪಿಡಬೇಕಾದದ್ದು ಇಷ್ಟೇ: ಸಬ್‌ಮರೀನನ್ನು ಮೇಲಕ್ಕೆಬ್ಬಿಸಿ, ಅವಸರಪಟ್ಟು ಮುಳುಗಿಸದೆ, ಒಳಗಿರುವುದನ್ನು ಕಿತ್ತುಕೊಳ್ಳುವುದು ಈ ಹಡಗಿನ ಕೈಗೆ ಕೂತಿದ್ದ ಕೆಲಸ. 1944ರ ಆರಂಭದಲ್ಲಿ ಇದು ಹಿಂದೂ ಮಹಾಸಾಗರಕ್ಕೆ ಬಂತು.

ಸಮಸ್ಯೆ

ಕಾನ್ವಾಯ್ (ಕಾವಲಿನಲ್ಲಿ ಒಟ್ಟಿಗೆ ಸಾಗುವ ಹಡಗುಗಳ ಗುಂಪು) ಕೆಆರ್-8 ಫೆಬ್ರವರಿಯ ಮೊದಲ ವಾರ ಮೊಂಬಾಸಾದ ಕಿಲಿಂಡಿನಿ ಬಂದರಿನಿಂದ ಕೊಲಂಬೊ ಕಡೆಗೆ ಹೊರಟಿತ್ತು. ಸೈನಿಕರನ್ನು ಹೊತ್ತ ಐದು ಹಡಗುಗಳು: ಖೆದೀವ್ ಇಸ್ಮಾಯಿಲ್, ಸಿಟಿ ಆಫ್ ಪ್ಯಾರಿಸ್, ವರ್ಸೋವಾ, ಎಕ್ಮಾ, ಎಲ್ಲೆಂಗಾ. ಮಾಲ್ಡೀವ್ಸ್ ಹತ್ತಿರ ಬಂದಾಗ ಕಾವಲಿಗಿದ್ದದ್ದು ಕ್ರೂಸರ್ (ಡಿಸ್ಟ್ರಾಯರಿಗಿಂತ ದೊಡ್ಡ ಯುದ್ಧನೌಕೆ) ಹಾಕಿನ್ಸ್, ಜೊತೆಗೆ ಪೆಟಾರ್ಡ್ ಮತ್ತು ಅದರ ಸೋದರ ಹಡಗು ಪಲಾಡಿನ್. ಹಾಕಿನ್ಸ್ 1917ರಲ್ಲಿ ನೀರಿಗಿಳಿದ ಹಳೆಯ ಹಡಗು. ಸಮುದ್ರದ ಮೇಲಿನ ಶತ್ರು ಹಡಗಿಗೆ ಅದು ಭಯ ಹುಟ್ಟಿಸಬಹುದಿತ್ತು. ಸಬ್‌ಮರೀನ್ ಬೇಟೆ ಅದರ ಕೆಲಸವಲ್ಲ. ಅಂದರೆ ಐದು ಸೈನಿಕ ಹಡಗು ಮತ್ತು ಒಂದು ಕ್ರೂಸರನ್ನು ಸಬ್‌ಮರೀನ್‌ನಿಂದ ಕಾಯಲು ನಿಜವಾಗಿ ಇದ್ದದ್ದು ಎರಡೇ ಹಡಗು.

ಖೆದೀವ್ ಇಸ್ಮಾಯಿಲ್‌ನಲ್ಲಿ 1,511 ಜನ ಇದ್ದರು. ಹೆಚ್ಚಿನವರು ಪೂರ್ವ ಆಫ್ರಿಕಾದ 301ನೇ ಫೀಲ್ಡ್ ರೆಜಿಮೆಂಟಿನ ಫಿರಂಗಿ ಪಡೆಯವರು. ಬರ್ಮಾ ಯುದ್ಧಕ್ಕೆ ಬೇಕಾದ ಜನ. ಉಳಿದವರಲ್ಲಿ ನೌಕಾಪಡೆಯವರು, ನರ್ಸುಗಳು, ನೌಕಾಪಡೆಯ ಮಹಿಳಾ ವಿಭಾಗದವರು ಇದ್ದರು.

ಫೆಬ್ರವರಿ 12, ಶನಿವಾರ, ಮಧ್ಯಾಹ್ನ ಎರಡೂವರೆ. ಮಾಲ್ಡೀವ್ಸ್ ದ್ವೀಪಗಳ ನಡುವಿನ ಒಂದೂವರೆ ಡಿಗ್ರಿ ಚಾನೆಲ್ ಹತ್ತಿರ. ಊಟ ಮುಗಿದಿತ್ತು, ತುಂಬಾ ಜನ ಕೆಳಗಿನ ಹಾಲ್‌ನಲ್ಲಿ ಸಂಗೀತ ಕೇಳುತ್ತಿದ್ದರು. ಜಪಾನಿನ ಸಬ್‌ಮರೀನ್ ಐ-27 ಕಾವಲನ್ನು ದಾಟಿ ಒಳಗೆ ಬಂದು ನಾಲ್ಕು ಟಾರ್ಪಿಡೊ ಬಿಟ್ಟಿತು. ಎರಡು ಖೆದೀವ್ ಇಸ್ಮಾಯಿಲ್‌ಗೆ ಬಡಿದವು. ಹಡಗು ಎರಡು ಮೂರು ನಿಮಿಷದಲ್ಲಿ ಮುಳುಗಿಹೋಯಿತು. ದೋಣಿ ಇಳಿಸುವುದಕ್ಕೆ ಸಮಯವೇ ಇರಲಿಲ್ಲ. ಬಹುಪಾಲು ಜನ ಒಳಗೇ ಉಳಿದರು. ಕೆಲವು ನೂರು ಜನ ನೀರಿನಲ್ಲಿ ತೇಲುತ್ತಿದ್ದರು.

ಹಾಕಿನ್ಸ್ ಉಳಿದ ನಾಲ್ಕು ಹಡಗುಗಳನ್ನು ಕರೆದುಕೊಂಡು ಅಲ್ಲಿಂದ ದೂರ ಹೋಯಿತು. ಕ್ರೂರ ಅನ್ನಿಸುತ್ತದೆ. ಆದರೆ ನಿಂತ ಹಡಗು ಟಾರ್ಪಿಡೊಗೆ ಸುಲಭದ ಗುರಿ, ಇದರ ಬಗ್ಗೆ ಯಾವ ನಾವಿಕನಿಗೂ ಅನುಮಾನ ಇರಲಿಲ್ಲ. ಎರಡು ಡಿಸ್ಟ್ರಾಯರುಗಳು ಹಿಂದೆ ಉಳಿದವು.

ಐ-27 ಓಡಿಹೋಗಲಿಲ್ಲ. ಕೆಳಗಿಳಿದು, ಈಜುತ್ತಿದ್ದ ಜನರ ಅಡಿಯಲ್ಲೇ ನಿಂತಿತು.

ಮೊದಲ ತಿರುವು

ಸಬ್‌ಮರೀನ್ ಹುಡುಕುವ ಉಪಕರಣಕ್ಕೆ ಆಗ ಬ್ರಿಟಿಷರು ಆಸ್ಡಿಕ್ ಅನ್ನುತ್ತಿದ್ದರು. ನೀರಿನೊಳಗೆ ಶಬ್ದ ಕಳಿಸುವುದು, ಪ್ರತಿಧ್ವನಿಯಿಂದ ದಿಕ್ಕು ಮತ್ತು ದೂರ ತಿಳಿಯುವುದು. ಅದಕ್ಕೆ ಎರಡು ದೊಡ್ಡ ಮಿತಿ ಇದ್ದವು. ಸಬ್‌ಮರೀನ್ ಎಷ್ಟು ಆಳದಲ್ಲಿದೆ ಅಂತ ಸರಿಯಾಗಿ ಹೇಳುತ್ತಿರಲಿಲ್ಲ. ತೀರಾ ಹತ್ತಿರ ಹೋದಾಗ ಪ್ರತಿಧ್ವನಿಯೇ ತಪ್ಪಿಹೋಗುತ್ತಿತ್ತು. ಆದ್ದರಿಂದ ಕೊನೆಯ ಓಟ ಕುರುಡು ಓಟ. ಲೆಕ್ಕ ಹಾಕಿ, ಸಬ್‌ಮರೀನ್ ಇರಬಹುದಾದ ಜಾಗದ ಮೇಲೆ ಹಾದುಹೋಗುತ್ತಾ, ಹಿಂಬದಿಯಿಂದ ಡೆಪ್ತ್ ಚಾರ್ಜ್ ಉರುಳಿಸಬೇಕು. ಜೊತೆಗೆ ಈಗಷ್ಟೇ ಒಂದು ದೊಡ್ಡ ಹಡಗು ಮುಳುಗಿದ ಜಾಗ. ನೀರೆಲ್ಲ ಕಲಕಿಹೋಗಿತ್ತು.

ಡೆಪ್ತ್ ಚಾರ್ಜ್ ಅಂದರೆ ಸುಮಾರು 130 ಕಿಲೊ ಸ್ಫೋಟಕ ತುಂಬಿದ ಡ್ರಮ್. ಸಬ್‌ಮರೀನ್‌ಗೆ ಪೆಟ್ಟಾಗಬೇಕಾದರೆ ಅದು ಬಹಳ ಹತ್ತಿರ ಸಿಡಿಯಬೇಕು. ನೀರಿನಲ್ಲಿರುವ ಮನುಷ್ಯನಿಗೆ ಹಾಗಲ್ಲ. ನೀರು ಕುಗ್ಗುವುದಿಲ್ಲ, ಆಘಾತವನ್ನು ಹಾಗೇ ದಾಟಿಸುತ್ತದೆ. ಗಾಳಿ ಇರುವ ಅಂಗಗಳಿಗೆ, ಅಂದರೆ ಶ್ವಾಸಕೋಶ ಮತ್ತು ಕರುಳಿಗೆ, ಏಟು ಬೀಳುತ್ತದೆ. ತಲೆ ಮೇಲಿದ್ದರೂ ಮೈ ನೀರಿನಲ್ಲಿದ್ದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಉಕ್ಕಿನ ಸಬ್‌ಮರೀನ್ ಪಾರಾಗುವ ದೂರದಲ್ಲಿ ಮನುಷ್ಯ ಪಾರಾಗುವುದಿಲ್ಲ. ಇದು ಬ್ರಿಜ್ ಮೇಲಿದ್ದವರಿಗೆಲ್ಲ ಗೊತ್ತಿತ್ತು.

ಕಮಾಂಡರ್ ಮುಂದೆ ಇದ್ದ ದಾರಿಗಳು ಹೀಗಿದ್ದವು. ಮೊದಲು ಎಲ್ಲರನ್ನೂ ಎತ್ತಿಕೊಂಡು, ಆಮೇಲೆ ಬೇಟೆಗೆ ಇಳಿಯಬಹುದಿತ್ತು. ಅದಕ್ಕೆ ಎರಡೂ ಡಿಸ್ಟ್ರಾಯರುಗಳು ನಿಲ್ಲಬೇಕು. ನಿಂತರೆ ಕೆಳಗಿರುವ ಐ-27ಗೆ ಇನ್ನೆರಡು ಗುರಿ ಸಿಗುತ್ತಿತ್ತು. ಆಮೇಲೆ ಈಜುವವರನ್ನು ಎತ್ತಲು ಹತ್ತಿರ ಯಾರೂ ಇರುತ್ತಿರಲಿಲ್ಲ. ಅಥವಾ ಸಬ್‌ಮರೀನ್ ತಾನಾಗಿ ಹೊರಬರುವ ತನಕ ಕಾಯಬಹುದಿತ್ತು. ಕತ್ತಲಾಗಲು ಕೆಲವೇ ಗಂಟೆ ಬಾಕಿ. ಕತ್ತಲಲ್ಲಿ ಅದು ಮೇಲೆದ್ದರೆ ಸೈನಿಕ ಹಡಗುಗಳಿಗಿಂತ ಜೋರಾಗಿ ಓಡಬಲ್ಲದು. ನಾಲ್ಕು ಹಡಗುಗಳ ತುಂಬಾ ಜನ, ಕಾವಲಿಗೆ ಹಳೆಯ ಕ್ರೂಸರ್ ಒಂದೇ. ಮೂರನೆಯ ದಾರಿ, ಇಬ್ಬರಲ್ಲಿ ಒಬ್ಬರು ಜನರನ್ನು ಎತ್ತುವುದು, ಇನ್ನೊಬ್ಬರು ದಾಳಿ ಮಾಡುವುದು.

ಮೂರನೆಯದನ್ನೇ ಆರಿಸಿದರು. ಪಲಾಡಿನ್ ದೋಣಿಗಳನ್ನು ಇಳಿಸಿತು. ಪೆಟಾರ್ಡ್ ಡೆಪ್ತ್ ಚಾರ್ಜ್ ಹಾಕಲು ಶುರುಮಾಡಿತು.

ಇದನ್ನು ಸುಮ್ನೆ ಒಂದು ವಾಕ್ಯದಲ್ಲಿ ಬರೆಯಬಹುದು, ಆದರೆ ಅದು ಹಾಗೆ ನಡೆಯಲಿಲ್ಲ. ತಮ್ಮನ್ನು ಎತ್ತಿಕೊಳ್ಳಲು ಬರುತ್ತಿದೆ ಅಂದುಕೊಂಡು ಕೈ ಬೀಸಿದವರ ಹತ್ತಿರದಲ್ಲೇ ಆ ಡ್ರಮ್‌ಗಳು ಬಿದ್ದವು. ಹಡಗು ಮುಳುಗಿದಾಗ ಬದುಕಿ ಉಳಿದಿದ್ದ ಕೆಲವರು ಈ ಸ್ಫೋಟಗಳಿಂದ ಸತ್ತರು. ಹಡಗಿನ ಹಿಂಬದಿಯಲ್ಲಿ ಡ್ರಮ್ ಉರುಳಿಸುತ್ತಿದ್ದ ನಾವಿಕರಿಗೆ ಅವರ ಮುಖ ಕಾಣುತ್ತಿತ್ತು. ಆಜ್ಞೆ ಕೊಟ್ಟವನು ಮುಂದೆ ಬ್ರಿಜ್ ಮೇಲಿದ್ದ. ಕೆಲಸ ಮಾಡಿದವರು ಹಿಂದೆ ಇದ್ದರು. ಇಂಥ ಪ್ರಕರಣಗಳಲ್ಲಿ ನಾವು ಯಾವಾಗಲೂ ಕಮಾಂಡರನ ಮನಸ್ಸಿನ ಬಗ್ಗೆಯೇ ಕೇಳುತ್ತೇವೆ, ಅಲ್ವಾ? ಡ್ರಮ್ ಉರುಳಿಸಿದವರ ಬಗ್ಗೆ ಕೇಳುವುದು ಕಡಿಮೆ.

ಎರಡು ಬಾರಿ ಹಾದುಹೋದರೂ ಫಲ ಸಿಗಲಿಲ್ಲ. ಮೂರನೇ ಓಟದ ಡೆಪ್ತ್ ಚಾರ್ಜ್‌ಗಳಿಗೆ ಐ-27 ಮೇಲೆದ್ದಿತು.

ಮೇಲೆದ್ದ ಮೇಲೆ

ಈ ಪ್ರಕರಣದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಕಲಿಯಬೇಕಾದ ವಿಷಯ ಇಲ್ಲಿಂದ ಆಚೆಗೇ ಜಾಸ್ತಿ ಇದೆ.

ಐ-27 ಚಿಕ್ಕ ಸಬ್‌ಮರೀನ್ ಅಲ್ಲ. ಉದ್ದ 108 ಮೀಟರ್‌ಗೂ ಮೀರಿ, ತೂಕ ಎರಡು ಸಾವಿರ ಟನ್‌ಗೂ ಜಾಸ್ತಿ. ಉದ್ದದಲ್ಲೂ ತೂಕದಲ್ಲೂ ತನ್ನನ್ನು ಬೇಟೆಯಾಡುತ್ತಿದ್ದ ಡಿಸ್ಟ್ರಾಯರಿಗಿಂತ ದೊಡ್ಡದು. ಎರಡೂ ಡಿಸ್ಟ್ರಾಯರುಗಳು 4 ಇಂಚಿನ ತೋಪುಗಳಿಂದ ಹೊಡೆದವು. ಮೇಲಿನ ಭಾಗಗಳು ಚಿಂದಿಯಾದವು, ಆದರೆ ದಪ್ಪ ಒಳಕವಚ ತೂತಾಗಲಿಲ್ಲ. ವಿಮಾನಕ್ಕೆಂದು ಆರಿಸಿದ ಗುಂಡು ಇಲ್ಲಿ ಸಾಲಲಿಲ್ಲ. ಹಡಗು ಕಟ್ಟುವಾಗ ಯಾವುದೋ ಆಫೀಸಿನಲ್ಲಿ ಸರಿಯಾದ ಕಾರಣಕ್ಕೆ ತೆಗೆದುಕೊಂಡ ನಿರ್ಧಾರ, ಮೂರು ವರ್ಷ ಬಿಟ್ಟು ಮಾಲ್ಡೀವ್ಸ್ ಹತ್ತಿರ ಬಂದು ಅಡ್ಡ ನಿಂತಿತು.

ಆಗ ಪಲಾಡಿನ್ ಹಳೆಯ ಉಪಾಯಕ್ಕೆ ಹೋಯಿತು: ಡಿಕ್ಕಿ ಹೊಡೆದು ಮುಳುಗಿಸುವುದು. ಅಟ್ಲಾಂಟಿಕ್‌ನಲ್ಲಿ ಇದು ಎಷ್ಟೋ ಬಾರಿ ನಡೆದಿತ್ತು. ಆದರೆ ಅಲ್ಲಿ ಎದುರಿಗೆ ಇದ್ದದ್ದು ಸಣ್ಣ ಯು-ಬೋಟುಗಳು. ಪೆಟಾರ್ಡ್ ಕಮಾಂಡರ್ ಇದನ್ನು ನೋಡಿ ಡಿಕ್ಕಿ ಬೇಡ ಅಂತ ಸಂದೇಶ ಕೊಟ್ಟ. ಇಷ್ಟು ದೊಡ್ಡ ಸಬ್‌ಮರೀನ್‌ಗೆ ಗುದ್ದಿದರೆ ಡಿಸ್ಟ್ರಾಯರೇ ಹೋಗುತ್ತದೆ ಅನ್ನುವುದು ಅವನ ಲೆಕ್ಕ. ಪಲಾಡಿನ್ ಕೊನೆ ಗಳಿಗೆಯಲ್ಲಿ ತಿರುಗಿತು, ಆದರೆ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ಸಬ್‌ಮರೀನ್‌ನ ಪಕ್ಕಕ್ಕೆ ಚಾಚಿದ್ದ ರೆಕ್ಕೆ ಅದರ ತಗಡನ್ನು ಸೀಳಿತು. ಒಳಗೆ ನೀರು ನುಗ್ಗಿತು. ಜನರನ್ನು ಎತ್ತಬೇಕಾದ ಹಡಗನ್ನೇ ಈಗ ಉಳಿಸಿಕೊಳ್ಳಬೇಕಾದ ಸ್ಥಿತಿ.

ಈ ಆಜ್ಞೆ ಸರಿಯೋ ತಪ್ಪೋ? ತಡವಾಗಿ ಬಂದ ಸರಿಯಾದ ಆಜ್ಞೆ ಅನ್ನುತ್ತೇನೆ. ನೇರ ಗುದ್ದಿದ್ದರೆ ಪಲಾಡಿನ್‌ನ ಮೂತಿಯೇ ಹೋಗುತ್ತಿತ್ತು. ಗುದ್ದದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಎರಡರ ನಡುವೆ ತಿರುಗಿದ್ದರಿಂದ ಮೈ ಸೀಳಿತು. ಮೇಲೆದ್ದ ಸಬ್‌ಮರೀನನ್ನು ಹೇಗೆ ಮುಗಿಸುವುದು ಅಂತ ಎರಡು ಹಡಗುಗಳು ಮೊದಲೇ ಮಾತಾಡಿಕೊಂಡಿದ್ದರೆ ಆ ಸಂದೇಶವೇ ಬೇಕಾಗುತ್ತಿರಲಿಲ್ಲ.

ಉಳಿದದ್ದು ಟಾರ್ಪಿಡೊ. ಡಿಸ್ಟ್ರಾಯರಿನ ಟಾರ್ಪಿಡೊ ದೊಡ್ಡ ಹಡಗುಗಳಿಗೆ ಮಾಡಿದ್ದು. ಅರ್ಧ ಮುಳುಗಿ, ನೇರ ದಾರಿ ಹಿಡಿಯದ ಸಬ್‌ಮರೀನ್‌ಗೆ ತಾಗಿಸುವುದು ಸುಲಭವಲ್ಲ. ಸಾಮಾನ್ಯವಾಗಿ ಒಟ್ಟಿಗೆ ಹಲವನ್ನು ಬೀಸಣಿಗೆಯಂತೆ ಬಿಡುತ್ತಾರೆ. ಪೆಟಾರ್ಡ್ ಒಂದೊಂದಾಗಿ ಬಿಟ್ಟಿತು. ಒಂದು ತಪ್ಪಿತು, ಗುರಿ ತಿದ್ದಿ ಇನ್ನೊಂದು. ಅದೂ ತಪ್ಪಿತು. ಹೀಗೆ ಆರು ವ್ಯರ್ಥವಾದವು. ಏಳನೆಯದು ಬಡಿಯಿತು. ದೊಡ್ಡ ಸ್ಫೋಟದೊಂದಿಗೆ ಐ-27 ಹೋಯಿತು. ಅದರಲ್ಲಿದ್ದವರ ಪೈಕಿ ಬದುಕಿದ್ದು ಒಬ್ಬ ಮಾತ್ರ.

ಒಂದೊಂದಾಗಿ ಬಿಟ್ಟದ್ದು ನನಗೆ ಆ ದಿನದ ಅತ್ಯಂತ ತಣ್ಣಗಿನ ನಿರ್ಧಾರ ಅನ್ನಿಸುತ್ತದೆ. ನೀರಲ್ಲಿ ಜನ ಕಾಯುತ್ತಿದ್ದಾರೆ, ಜೊತೆಗಾರ ಹಡಗಿಗೆ ತೂತಾಗಿದೆ, ತೋಪು ಕೆಲಸ ಮಾಡುತ್ತಿಲ್ಲ. ಎಲ್ಲವನ್ನೂ ಒಮ್ಮೆಲೇ ಬಿಟ್ಟು ಮುಗಿಸೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಬಿಟ್ಟು ತಪ್ಪಿದ್ದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಈ ಸಾರಿ ಸಬ್‌ಮರೀನ್ ಹತ್ತಲು ಯಾರನ್ನೂ ಕಳಿಸಲಿಲ್ಲ. ಕಳಿಸುವ ಅಭ್ಯಾಸ ಇದ್ದ ಹಡಗು ಅದು. ಆದರೆ ಯು-559ರ ರಾತ್ರಿ ಜರ್ಮನರು ತಾವೇ ಹೊರಬಂದಿದ್ದರು, ಸುತ್ತಲೂ ಬೇರೆ ಡಿಸ್ಟ್ರಾಯರುಗಳಿದ್ದವು, ನೀರಿನಲ್ಲಿ ಬ್ರಿಟಿಷ್ ಜನ ಇರಲಿಲ್ಲ. ಇಲ್ಲಿ ಸಬ್‌ಮರೀನ್ ಇನ್ನೂ ಓಡಾಡುತ್ತಿತ್ತು. ಒಳಗಿನ ಪುಸ್ತಕಗಳ ಬೆಲೆ ಎಷ್ಟೇ ಇರಲಿ, ಅದರ ಆಸೆಗೆ ಬಿದ್ದು ಅರ್ಧ ಗಂಟೆ ಕಳೆಯುವ ಹಾಗಿರಲಿಲ್ಲ. ಹಿಂದೆ ಗೆದ್ದುಕೊಟ್ಟ ಪಾಠವನ್ನು ಪಕ್ಕಕ್ಕಿಡುವುದೂ ಒಂದು ನಿರ್ಧಾರವೇ.

ಫಲಿತಾಂಶ

1,511 ಜನರಲ್ಲಿ 1,297 ಜನ ಸತ್ತರು. ಬದುಕಿದ್ದು 208 ಗಂಡಸರು, 6 ಹೆಂಗಸರು. ಸತ್ತ ಹೆಂಗಸರು 77. ಕಾಮನ್‌ವೆಲ್ತ್ ಸೇನೆಗಳ ಇತಿಹಾಸದಲ್ಲಿ ಮಹಿಳಾ ಸಿಬ್ಬಂದಿಯ ಇಷ್ಟು ದೊಡ್ಡ ನಷ್ಟ ಬೇರೆ ಯಾವ ಒಂದು ಘಟನೆಯಲ್ಲೂ ಆಗಿಲ್ಲ. ಪಲಾಡಿನ್ ಮುಳುಗಲಿಲ್ಲ, ಎಳೆದುಕೊಂಡು ಮಾಲ್ಡೀವ್ಸ್‌ನ ಅಡ್ಡು ಅಟಾಲ್‌ಗೆ ಸೇರಿಸಿದರು. ಉಳಿದ ನಾಲ್ಕು ಸೈನಿಕ ಹಡಗುಗಳು ಪಾರಾದವು.

ಪೆಟಾರ್ಡ್ ಹೆಸರಿಗೆ ಒಂದು ದಾಖಲೆ ಸೇರಿತು. ಜರ್ಮನಿ, ಇಟಲಿ, ಜಪಾನ್, ಮೂರೂ ದೇಶಗಳ ಒಂದೊಂದು ಸಬ್‌ಮರೀನನ್ನು ಮುಳುಗಿಸುವುದರಲ್ಲಿ ಕೈಯಿದ್ದ ಹಡಗು ಅಂತ. ಹಡಗಿನ ಬಗ್ಗೆ ಬರೆಯುವವರು ಇದನ್ನೇ ಮೊದಲ ಸಾಲಿನಲ್ಲಿ ಹಾಕುತ್ತಾರೆ. ಯುದ್ಧದ ನಂತರ ಅದನ್ನು ಸಬ್‌ಮರೀನ್ ವಿರೋಧಿ ಫ್ರಿಗೇಟ್ ಆಗಿ ಬದಲಾಯಿಸಿದರು. 1967ರಲ್ಲಿ ಸ್ಕಾಟ್ಲೆಂಡಿನ ಬೋನೆಸ್‌ನಲ್ಲಿ ಗುಜರಿಗೆ ಒಡೆದರು.

ಏನು ಕಲಿಯಬಹುದು

ಈ ಪ್ರಕರಣವನ್ನು ಪಾಠಕ್ಕೆ ತೆಗೆದುಕೊಳ್ಳುವವರು ಸಾಮಾನ್ಯವಾಗಿ 'ನೀವು ಆ ಜಾಗದಲ್ಲಿದ್ದರೆ ಡೆಪ್ತ್ ಚಾರ್ಜ್ ಹಾಕುತ್ತಿದ್ದಿರಾ?' ಅಂತ ಕೇಳುತ್ತಾರೆ. ಕೇಳಲಿ. ಆದರೆ ಅಲ್ಲಿಂದ ಶುರುಮಾಡಿದರೆ ಇಡೀ ಹೊಣೆ ಒಬ್ಬ ಮನುಷ್ಯನ ಹೆಗಲಿಗೆ ಬೀಳುತ್ತದೆ. ಎರಡೂವರೆ ಗಂಟೆಗೆ ಅವನ ಮುಂದಿದ್ದ ಮೂರು ದಾರಿಗಳೂ ಕೆಟ್ಟವೇ. ಅವುಗಳಲ್ಲಿ ಅವನು ಆರಿಸಿದ್ದು ಕಡಿಮೆ ಕೆಟ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಇದ್ದಾರೆ. ನೀರಿನಲ್ಲಿದ್ದು ಬದುಕಿ ಬಂದವರ ಸಿಟ್ಟಿಗೆ ಯಾರ ತರ್ಕವೂ ಉತ್ತರವಾಗುವುದಿಲ್ಲ.

ಆ ಮೂರು ದಾರಿಗಳು ಅಷ್ಟು ಕಿರಿದಾಗಿದ್ದು ಯಾಕೆ ಅನ್ನುವ ಪ್ರಶ್ನೆ ಹೆಚ್ಚು ಉಪಯೋಗದ್ದು. ಇನ್ನೆರಡು ಕಾವಲು ಹಡಗುಗಳಿದ್ದರೆ ಐ-27 ಒಳಗೆ ನುಸುಳುವುದೇ ಕಷ್ಟವಾಗುತ್ತಿತ್ತು. ನುಸುಳಿದ್ದರೂ, ಇಬ್ಬರು ಸುತ್ತ ಕಾವಲು ನಿಂತು ಒಬ್ಬರು ಜನರನ್ನು ಎತ್ತಬಹುದಿತ್ತು. ಡೆಪ್ತ್ ಚಾರ್ಜ್ ಸ್ವಲ್ಪ ತಡವಾಗಬಹುದಿತ್ತು. ಆ ಎರಡು ಹಡಗುಗಳು ಇರಲಿಲ್ಲ, ಯಾಕೆಂದರೆ ಹಿಂದೂ ಮಹಾಸಾಗರಕ್ಕೆ ಸರದಿ ಬರುತ್ತಿದ್ದದ್ದು ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಆದ ಮೇಲೆ. ಕಾವಲು ಇಷ್ಟೇ ಇದ್ದಾಗ ಕಾನ್ವಾಯನ್ನು ಕಳಿಸಬೇಕೋ ಬೇಡವೋ ಅನ್ನುವ ನಿರ್ಧಾರ ಬ್ರಿಜ್ ಮೇಲೆ ಆದದ್ದಲ್ಲ, ದಡದ ಮೇಜಿನಲ್ಲಿ ಆದದ್ದು. ಅಲ್ಲಿ ಯಾರೂ ಕಿರುಚಲಿಲ್ಲ, ಯಾರ ಕೈಯೂ ನಡುಗಲಿಲ್ಲ.

ಇದನ್ನು ತರಗತಿಯಲ್ಲೋ ತರಬೇತಿಯಲ್ಲೋ ಚರ್ಚೆಗೆ ಇಡುವವರಿಗೆ ಒಂದು ಸಲಹೆ. ಗಡಿಯಾರವನ್ನು ಫೆಬ್ರವರಿ 12ರ ಮಧ್ಯಾಹ್ನ ಎರಡೂವರೆಗೆ ಇಟ್ಟು ಶುರುಮಾಡಬೇಡಿ. ಕಿಲಿಂಡಿನಿಯಲ್ಲಿ ಐದು ಹಡಗುಗಳು ಹಗ್ಗ ಬಿಚ್ಚುವ ಹೊತ್ತಿಗೆ ಇಡಿ. ಗುಂಪಿನ ಅರ್ಧ ಜನಕ್ಕೆ ಕಮಾಂಡರನ ಪಾತ್ರ ಕೊಡಿ, ಇನ್ನರ್ಧಕ್ಕೆ ಕಾವಲು ಹಂಚುವ ಅಧಿಕಾರಿಯ ಪಾತ್ರ ಕೊಡಿ. ಎಷ್ಟು ಡಿಸ್ಟ್ರಾಯರು, ಯಾವ ಹಡಗಿನಲ್ಲಿ ಎಷ್ಟು ಜನ, ದಾಳಿಯಾದರೆ ಯಾರು ಎತ್ತುವುದು, ಯಾರು ಹೊಡೆಯುವುದು, ಮೇಲೆದ್ದ ಸಬ್‌ಮರೀನನ್ನು ಮುಗಿಸುವುದು ಹೇಗೆ, ಇದನ್ನೆಲ್ಲ ಎರಡನೇ ಗುಂಪು ಮೊದಲು ಬರೆದು ಕೊಡಲಿ. ಆಮೇಲೆ ಟಾರ್ಪಿಡೊ ಬಿಡಿ.